ನಡೆಯುವವರು ಯಾರು, ಎಣ್ಣೆ ಬಿಡುವವರು ಯಾರು?

ಟ್ರೆಡ್‌ಮಿಲ್ ಎಂಬ ಪದದೊಳಗೆ ಒಂದು ಗಿರಣಿ ಅಡಗಿದೆ. ಇಂಗ್ಲಿಷಿನಲ್ಲಿ ‘ಟ್ರೆಡ್’ ಎಂದರೆ ತುಳಿಯುವುದು. ‘ಮಿಲ್’ ಎಂದರೆ ಬೀಸುವ ಯಂತ್ರ. ಊರಿನ ಹಿಟ್ಟಿನ ಗಿರಣಿಯನ್ನು ನಾವು ಮಿಲ್ ಎನ್ನುತ್ತೇವಲ್ಲ, ಅದೇ ಅರ್ಥ. ಆದರೆ ಇವತ್ತು ಮನೆಯ ಹಾಲಿನ ಮೂಲೆಯಲ್ಲಿ ನಿಂತು, ಅರ್ಧ ದಿನ ವ್ಯಾಯಾಮಕ್ಕೂ ಇನ್ನರ್ಧ ದಿನ ಒದ್ದೆ ಟವೆಲ್ ಹರವುವುದಕ್ಕೂ ಒದಗುವ ಯಂತ್ರ ಏನನ್ನೂ ಬೀಸುವುದಿಲ್ಲ. ಬೀಸುವ ಕೆಲಸ ಬಿಟ್ಟುಹೋದರೂ ಹೆಸರಿನಲ್ಲಿ ಗಿರಣಿ ಉಳಿದುಕೊಂಡಿದೆ. ಈ ಹೆಸರಿನ ಹಿಂದೆ ಎರಡು ಸಾವಿರ ವರ್ಷಗಳ ಕಥೆಯಿದೆ. ಅದನ್ನು ಓದುವಾಗ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡರೆ ಸಾಕು: ಯಂತ್ರದ ಮೇಲೆ ನಡೆದವರು ಯಾರು, ಅದಕ್ಕೆ ಎಣ್ಣೆ ಬಿಟ್ಟವರು ಯಾರು?

ಕಾಲ ತೂಕದಿಂದ ಯಂತ್ರ ನಡೆಸುವುದು ನಮಗೆ ಹೊಸದೇನಲ್ಲ. ನಮ್ಮ ಕಡೆಯ ಏತವನ್ನೇ ನೋಡಿ. ಗೂಟದ ಮೇಲೆ ತೂಗುವ ಉದ್ದನೆಯ ಮರ, ಅದರ ಒಂದು ತುದಿಯಿಂದ ಬಾವಿಗಿಳಿಯುವ ಕೊಡ. ಮರದ ಮೇಲೆ ಒಬ್ಬನೋ ಇಬ್ಬರೋ ಹಿಂದೆ ಮುಂದೆ ನಡೆದರೆ ನೀರು ಮೇಲೆ ಬರುತ್ತಿತ್ತು. ಗಾಣಕ್ಕೂ ಕಪಿಲೆಗೂ ಎತ್ತು ನಡೆಯುತ್ತಿತ್ತು. ದೂರದ ರೋಮಿನಲ್ಲಿ ಹೆಟೇರಿ ಕುಟುಂಬದ ಸಮಾಧಿಯಲ್ಲಿ ಸಿಕ್ಕ ಸುಮಾರು 1,900 ವರ್ಷ ಹಳೆಯ ಉಬ್ಬುಶಿಲ್ಪದಲ್ಲಿ, ದೊಡ್ಡ ಚಕ್ರದೊಳಗೆ ಆಳುಗಳು ತುಳಿಯುತ್ತ ಕ್ರೇನ್ ನಡೆಸುವ ದೃಶ್ಯವಿದೆ. ಮುಂದೆ ಮಧ್ಯಯುಗದ ಯುರೋಪಿನ ಚರ್ಚುಗಳ ಕಲ್ಲುಗಳೂ ಇಂಥ ಚಕ್ರಗಳ ಬಲದಿಂದಲೇ ಮೇಲೇರಿದವು.

ಇಲ್ಲೆಲ್ಲ ದಣಿವಿತ್ತು, ಆಳಿನ ದಣಿವಿಗೂ ಯಜಮಾನನ ಲಾಭಕ್ಕೂ ನಡುವೆ ಅಂತರವೂ ಇತ್ತು. ಆದರೆ ದಣಿವಿಗೆ ಒಂದು ಫಲವಿತ್ತು: ಕಾಲುವೆಗೆ ನೀರು, ಗೋಡೆಗೆ ಕಲ್ಲು. ತನ್ನ ಹೊಲಕ್ಕೆ ತಾನೇ ಏತ ತುಳಿಯುವ ರೈತನಿಗೆ ಮರದ ಕೀಲು ಕಿರುಗುಟ್ಟಿದರೆ ಕಿವಿ ನಿಮಿರುತ್ತಿತ್ತು. ಒಣಗಿದ ಕೀಲು ಎಂದರೆ ಹೆಚ್ಚು ತುಳಿತ, ಕಡಿಮೆ ನೀರು ಎಂಬುದು ಅವನ ಕಾಲಿಗೇ ತಿಳಿಯುತ್ತಿತ್ತು. ಕನ್ನಡದಲ್ಲಿ ‘ಕೀಲೆಣ್ಣೆ’ ಎಂಬ ಬೇರೆಯೇ ಪದ ಇರುವುದು ಸುಮ್ಮನೆ ಅಲ್ಲ. ಗಾಡಿ ಇದ್ದವನ ಹತ್ತಿರ ಕೀಲೆಣ್ಣೆಯೂ ಇರುತ್ತಿತ್ತು.

ಈ ನಂಟು ಪೂರ್ತಿಯಾಗಿ ಕಡಿದುಹೋದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಜೈಲುಗಳಲ್ಲಿ. ಅದಕ್ಕೆ ಕಾರಣನಾದ ವಿಲಿಯಂ ಕ್ಯೂಬಿಟ್ ನಾರ್ಫಕ್‌ನ ಗಿರಣಿಗಾರನೊಬ್ಬನ ಮಗ. ಗಾಳಿಯ ಬಿರುಸಿಗೆ ತಕ್ಕಂತೆ ತಾವೇ ಹೊಂದಿಕೊಳ್ಳುವ ಗಾಳಿಗಿರಣಿಯ ರೆಕ್ಕೆಗಳಿಗೆ 1807ರಲ್ಲಿ ಪೇಟೆಂಟ್ ಪಡೆದು ಗಿರಣಿಗಾರರ ಕಷ್ಟ ಕಡಿಮೆ ಮಾಡಿದವನು. ಅದೇ ಮನುಷ್ಯ ಸುಮಾರು 1818ರಲ್ಲಿ, ಜೈಲಿನಲ್ಲಿ ಸುಮ್ಮನೆ ಕೂತ ಕೈದಿಗಳಿಗೆ ಕೆಲಸ ಕೊಡಲೆಂದು ತುಳಿಯುವ ಚಕ್ರವೊಂದನ್ನು ರೂಪಿಸಿದ. 1821ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿಗೆ ಅದು ಬಂದ ಮೇಲೆ ದೇಶದ ತುಂಬ ಹಬ್ಬಿತು. ಅಲ್ಲಿ ಮೊದಲಿಗೆ ಅದು ಧಾನ್ಯ ಬೀಸುತ್ತಿತ್ತು. ಹೆಸರಿನ ‘ಮಿಲ್’ ಬಂದದ್ದು ಹೀಗೆ.

ಉದ್ದನೆಯ ಉರುಳೆಯಂಥ ಚಕ್ರ. ಅದರ ಹೊರಮೈ ಸುತ್ತ 24 ಮೆಟ್ಟಿಲು, ಒಂದರಿಂದ ಇನ್ನೊಂದಕ್ಕೆ 8 ಅಂಗುಲ. ಕೈದಿಗಳು ಸಾಲಾಗಿ ನಿಂತು, ಎದುರಿನ ಕಂಬಿ ಹಿಡಿದು, ಕೆಳಗೆ ಜಾರುವ ಮೆಟ್ಟಿಲನ್ನು ಹತ್ತುತ್ತಲೇ ಇರಬೇಕು. ಹತ್ತಿದಷ್ಟೂ ಇದ್ದಲ್ಲೇ. ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಜೈಲಿನಲ್ಲಿ ಚಕ್ರ ನಿಮಿಷಕ್ಕೆ ಎರಡು ಸುತ್ತು ಹಾಕುತ್ತಿತ್ತು. ಕೈದಿಯ ಪಾಲಿಗೆ ದಿನಕ್ಕೆ ಹದಿನೈದು ಸರದಿ, ಒಂದೊಂದೂ ಕಾಲು ಗಂಟೆ. ಲೆಕ್ಕ ಹಾಕಿದರೆ 7,200 ಅಡಿ ಏರಿದಂತಾಯಿತು. ಸಮುದ್ರದ ಮಟ್ಟದಿಂದ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗೆ ಹೋಗುವುದಕ್ಕಿಂತಲೂ ಹೆಚ್ಚು, ಅದೂ ದಿನವೂ.

ಇದಕ್ಕಿಂತ ಕ್ರೂರವಾದದ್ದು ಮುಂದೆ ನಡೆಯಿತು. ಅನೇಕ ಜೈಲುಗಳಲ್ಲಿ ಚಕ್ರಕ್ಕೆ ಬೀಸುವ ಕಲ್ಲೇ ಇರಲಿಲ್ಲ. ಅದರ ಬದಲು ಗಾಳಿಯನ್ನು ಕಡೆಯುವ ದೊಡ್ಡ ರೆಕ್ಕೆಗಳು, ತುಳಿತ ಹಗುರವಾಗದಿರಲಿ ಎಂದು. ಕೈದಿಗಳು ಇದನ್ನು ‘ಗಾಳಿ ಬೀಸುವುದು’ ಎಂದು ಕರೆದರು. ಇದು ದೇಹಕ್ಕೆ ಕೇಡು ಎಂದು 1823ರಲ್ಲೇ ಸರ್ ಜಾನ್ ಕಾಕ್ಸ್ ಹಿಪ್ಪಿಸ್ಲಿ ಪುಸ್ತಕ ಪ್ರಕಟಿಸಿ ವಾದಿಸಿದ್ದ. 1895ರಲ್ಲಿ ಶಿಕ್ಷೆಗೊಳಗಾದ ಆಸ್ಕರ್ ವೈಲ್ಡ್ ಕೂಡ ಈ ಚಕ್ರ ತುಳಿದವನೇ. 1898ರ ಕಾರಾಗೃಹ ಕಾಯ್ದೆಯ ನಂತರ ಕೆಲವೇ ವರ್ಷಗಳಲ್ಲಿ ಅದು ಮರೆಯಾಯಿತು.

ಈ ಚಕ್ರದ ಅಚ್ಚು ಒಣಗಿದರೆ ಕೈದಿಗೇನು? ಅದು ಮುರಿದುಬಿದ್ದರೆ ಅವನಿಗೆ ಒಂದು ದಿನದ ಬಿಡುವು. ಚಕ್ರ ಚೆನ್ನಾಗಿ ತಿರುಗಲಿ ಎಂದು ಬಯಸಲು ಅವನಿಗೆ ಒಂದೇ ಒಂದು ಕಾರಣವೂ ಇರಲಿಲ್ಲ. ತುಳಿಯುವುದು ಒಬ್ಬರ ಪಾಲಿಗೆ, ಯಂತ್ರದ ಯೋಗಕ್ಷೇಮ ಇನ್ನೊಬ್ಬರ ಪಾಲಿಗೆ ಎಂದು ಸಂಪೂರ್ಣ ಬೇರೆಯಾದಾಗ ನಡಿಗೆಯೇ ಶಿಕ್ಷೆಯಾಯಿತು. ಗಾಣದೆತ್ತಿಗೆ ಕನಿಷ್ಠ ಎಣ್ಣೆಯಾದರೂ ಬರುತ್ತಿತ್ತು.

ಇಂಥ ಹಿನ್ನೆಲೆಯ ಯಂತ್ರ ಅರ್ಧ ಶತಮಾನದೊಳಗೆ ಆಸ್ಪತ್ರೆಗೆ ಬಂತು. 1950ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೃದಯತಜ್ಞ ರಾಬರ್ಟ್ ಬ್ರೂಸ್ ಮತ್ತು ಉಪಕರಣ ತಯಾರಕ ವೇಯ್ನ್ ಕ್ವಿಂಟನ್, ಮೋಟಾರಿನಿಂದ ಓಡುವ ಪಟ್ಟಿಯ ಮೇಲೆ ರೋಗಿಯನ್ನು ನಡೆಸಿ ಹೃದಯದ ಬಡಿತ ಓದುವ ದಾರಿ ಕಂಡುಕೊಂಡರು. ಇವತ್ತು ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ‘ಟಿಎಂಟಿ ಮಾಡಿಸಿಕೊಂಡು ಬನ್ನಿ’ ಎನ್ನುವಾಗ ಹೆಚ್ಚಾಗಿ ನಡೆಯುವುದು ಬ್ರೂಸ್ ಹಾಕಿಕೊಟ್ಟ ಕ್ರಮವೇ: ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತ ಹೋಗುವುದು.

ಅಲ್ಲಿಂದ ಮನೆಗೆ ತಂದವರು ನ್ಯೂಜೆರ್ಸಿಯ ಮೆಕ್ಯಾನಿಕಲ್ ಎಂಜಿನಿಯರ್ ವಿಲಿಯಂ ಸ್ಟಾಬ್. 1968ರಲ್ಲಿ ಬಂದ ಡಾ. ಕೆನೆತ್ ಕೂಪರ್ ಅವರ ‘ಏರೋಬಿಕ್ಸ್’ ಓದಿದ ಸ್ಟಾಬ್, ಸಾಮಾನ್ಯರು ಕೊಳ್ಳಬಹುದಾದ ಟ್ರೆಡ್‌ಮಿಲ್ ಇಲ್ಲವಲ್ಲ ಎಂದು ತಾವೇ ಒಂದನ್ನು ಕಟ್ಟಿದರು. ಉಕ್ಕಿನ ಉರುಳೆಗಳ ಮೇಲೆ ಕಿತ್ತಳೆ ಬಣ್ಣದ ಪಟ್ಟಿ. ಅದನ್ನು ಕೂಪರ್ ಅವರಿಗೂ ತೋರಿಸಿದರು. ಮುಂದೆ ‘ಪೇಸ್‌ಮಾಸ್ಟರ್’ ಹೆಸರಿನಲ್ಲಿ ಅದು ಮನೆಮನೆ ಸೇರಿತು. 2012ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡ ಸ್ಟಾಬ್ ಇಳಿವಯಸ್ಸಿನಲ್ಲೂ ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದರು. ಈ ಚರಿತ್ರೆಯಲ್ಲಿ ಕಟ್ಟುವವನೂ ನಡೆಯುವವನೂ ಮತ್ತೆ ಒಬ್ಬನೇ ಆದದ್ದು ಇಲ್ಲಿ.

ಅದೇ ಮಾತು ಭೂಮಿಯಿಂದ ಸುಮಾರು 400 ಕಿಲೋಮೀಟರ್ ಮೇಲೆ ಇನ್ನಷ್ಟು ನಿಜ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತೂಕವಿಲ್ಲದೆ ತೇಲುವ ದೇಹದ ಮೂಳೆ ತಿಂಗಳಿಗೆ ಶೇಕಡಾ 1ರ ಆಸುಪಾಸು ಸವೆಯಬಹುದು. ಹಾಗಾಗಿ ಪಟ್ಟಿಗಳಿಂದ ಬಿಗಿದುಕೊಂಡು ಟ್ರೆಡ್‌ಮಿಲ್ ಮೇಲೆ ಓಡುವುದು ಅಲ್ಲಿ ಶೋಕಿಯಲ್ಲ. ಓಟದ ಅದುರು ನಿಲ್ದಾಣಕ್ಕೆ ತಾಗದಂತೆ ಆ ಯಂತ್ರದಲ್ಲಿ ಗೈರೋಸ್ಕೋಪ್ ಇತ್ತು. ಅದು ಕೆಟ್ಟ ಹೊತ್ತಿಗೆ, ಕೊಲಂಬಿಯಾ ದುರಂತದಿಂದಾಗಿ ಅಮೆರಿಕದ ಷಟಲ್‌ಗಳು ಹಾರಾಟ ನಿಲ್ಲಿಸಿದ್ದವು. 2003ರ ಅಕ್ಟೋಬರ್‌ನಿಂದ 2004ರ ಏಪ್ರಿಲ್‌ವರೆಗೆ ಅಲ್ಲಿದ್ದ ಮೈಕೆಲ್ ಫೋಲ್ ಮತ್ತು ಅಲೆಕ್ಸಾಂಡರ್ ಕಲೇರಿ ಅದನ್ನು ತಾವೇ ಬಿಚ್ಚಿ ರಿಪೇರಿ ಮಾಡಿದರು. 2007ರ ಏಪ್ರಿಲ್‌ನಲ್ಲಿ ಸುನೀತಾ ವಿಲಿಯಮ್ಸ್ ಬಾಸ್ಟನ್ ಮ್ಯಾರಥಾನನ್ನು ಬಾಹ್ಯಾಕಾಶದಲ್ಲೇ ಓಡಿ ಮುಗಿಸಿದ್ದು ಅದೇ ಟ್ರೆಡ್‌ಮಿಲ್ ಮೇಲೆ. ಆ ಓಟದ ಸುದ್ದಿ ನಮ್ಮ ಪತ್ರಿಕೆಗಳಲ್ಲೆಲ್ಲ ಬಂತು. ರಿಪೇರಿಯ ಸುದ್ದಿ ಯಾರಿಗೂ ನೆನಪಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದೂ ಹೀಗೆಯೇ. ಯಂತ್ರದ ಜೊತೆ ಬಂದ ಸಣ್ಣ ಸಿಲಿಕೋನ್ ಎಣ್ಣೆಯ ಬಾಟಲಿ, ಎಲ್-ಆಕಾರದ ಅಲೆನ್ ಕೀ, ತೆರೆಯದ ಕೈಪಿಡಿ ಮೂರೂ ಅಟ್ಟ ಸೇರುತ್ತವೆ. ಒಂದೆರಡು ವರ್ಷದಲ್ಲಿ ಯಂತ್ರ ತಡೆತಡೆದು ಓಡತೊಡಗುತ್ತದೆ. ‘ಮೋಟಾರ್ ಹೋಯಿತು’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಎಷ್ಟೋ ಸಲ ಹೋಗಿರುವುದು ಮೋಟಾರ್ ಅಲ್ಲ, ಎಣ್ಣೆ. ಮೋಟಾರ್ ಮುಂದಿನ ಉರುಳೆಯನ್ನು ತಿರುಗಿಸುತ್ತದೆ, ಉರುಳೆ ಪಟ್ಟಿಯನ್ನು ಎಳೆಯುತ್ತದೆ, ಪಟ್ಟಿ ಕೆಳಗಿನ ಹಲಗೆಯ ಮೇಲೆ ಜಾರುತ್ತದೆ. ಒಂದೊಂದು ಹೆಜ್ಜೆಗೂ ನಮ್ಮ ಭಾರ ಪಟ್ಟಿಯನ್ನು ಹಲಗೆಗೆ ಒತ್ತುತ್ತದೆ. ನಡುವೆ ಎಣ್ಣೆಯ ತೆಳುಪದರ ಒಣಗಿದರೆ ಘರ್ಷಣೆ ಹೆಚ್ಚಿ, ಮೋಟಾರ್ ಹೆಚ್ಚು ಕರೆಂಟು ಎಳೆದು, ಕಂಟ್ರೋಲ್ ಬೋರ್ಡ್ ಬಿಸಿಯಾಗುತ್ತದೆ; ಕೆಲವೊಮ್ಮೆ ಮನೆಯ ಎಂಸಿಬಿಯೇ ಬಿದ್ದುಬಿಡುತ್ತದೆ. ಕೊನೆಗೆ ಬೋರ್ಡೇ ಸುಟ್ಟರೆ ಅದರ ಬೆಲೆ ಎಣ್ಣೆಯ ಬಾಟಲಿಯ ಬೆಲೆಯಂತಿರುವುದಿಲ್ಲ.

ನೋಡುವುದು ಸುಲಭ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪಟ್ಟಿಯ ಅಂಚನ್ನು ಎತ್ತಿ ಅಡಿಗೆ ಬೆರಳು ಹಾಕಿ. ಬೆರಳಿಗೆ ಜಿಡ್ಡು ತಾಗದಿದ್ದರೆ ಕೈಪಿಡಿ ಹೇಳಿದಷ್ಟು ಸಿಲಿಕೋನ್ ಎಣ್ಣೆಯನ್ನು ಪಟ್ಟಿಗೂ ಹಲಗೆಗೂ ನಡುವೆ ಬಿಡಬೇಕು. ಗಾಡಿಯ ಕೀಲಿಗೆ ಒಗ್ಗಿದ ಹರಳೆಣ್ಣೆಯಾಗಲಿ, ಅಡುಗೆಮನೆಯ ಕೊಬ್ಬರಿ ಎಣ್ಣೆಯಾಗಲಿ ಇಲ್ಲಿ ಒಗ್ಗದು. ಅವು ಅಂಟಾಗಿ ಧೂಳು ಹಿಡಿಯುತ್ತವೆ. ಪಟ್ಟಿ ಎಡಕ್ಕೆ ಸರಿದಿದ್ದರೆ ಸಾಮಾನ್ಯವಾಗಿ ಹಿಂದಿನ ಎಡ ಬೋಲ್ಟನ್ನು, ಬಲಕ್ಕೆ ಸರಿದಿದ್ದರೆ ಬಲದ್ದನ್ನು ಕಾಲು ಸುತ್ತು ಬಿಗಿದು, ಖಾಲಿ ಯಂತ್ರವನ್ನು ನಿಧಾನವಾಗಿ ಓಡಿಸಿ, ಒಂದೆರಡು ನಿಮಿಷ ಕಾದು ನೋಡಬೇಕು. ಕಾಲಡಿಯಲ್ಲಿ ಪಟ್ಟಿ ಜಾರುತ್ತಿದ್ದರೆ ಎರಡನ್ನೂ ಸಮನಾಗಿ ಬಿಗಿಯಬೇಕು. ಆದರೆ ಅತಿಯಾದರೆ ಬೇರಿಂಗ್ ತಿನ್ನುತ್ತದೆ. ಮೋಟಾರಿನ ಮುಚ್ಚಳದೊಳಗೆ ಸೇರುವ ಧೂಳು, ಕೂದಲು, ಬಟ್ಟೆಯ ಎಳೆಗಳನ್ನು ಆಗಾಗ ತೆಗೆಯಬೇಕು. ಒಳಗಿನ ವೈರು, ಬೋರ್ಡುಗಳ ಕೆಲಸ ಮಾತ್ರ ಬಲ್ಲವರಿಗೇ ಇರಲಿ.

ಇದೆಲ್ಲ ತಿಂಗಳಿಗೆ ಹತ್ತು ನಿಮಿಷದ ಕೆಲಸ. ಹೀಗಿದ್ದೂ ನಾವು ಮಾಡುವುದಿಲ್ಲ. ನಡೆಯುವುದಷ್ಟೇ ನಮ್ಮ ಕೆಲಸ, ಉಳಿದದ್ದು ಯಾರೋ ಬಂದು ಮಾಡುವ ಸರ್ವಿಸ್ ಎಂದುಕೊಂಡಿದ್ದೇವೆ. ಹಾಗೆಂದುಕೊಂಡಾಗ ಯಂತ್ರ ಬೇಗ ಕೆಡುತ್ತದೆ; ಅದಕ್ಕೂ ಮೊದಲು ನಡಿಗೆಯ ಮೇಲಿನ ಪ್ರೀತಿ ಕೆಡುತ್ತದೆ. ಗೋಡೆ ನೋಡುತ್ತ ನಿಮಿಷ ಎಣಿಸುವ ಆ ಅರ್ಧ ಗಂಟೆ ಬ್ರಿಕ್ಸ್‌ಟನ್ನಿನ ಸರದಿಯಂತೆ ಕಾಣತೊಡಗುತ್ತದೆ. ಯಂತ್ರ ಕೆಟ್ಟ ದಿನ ಮನಸ್ಸಿನಲ್ಲಿ ಒಂದು ಸಣ್ಣ ಸಮಾಧಾನ ಮೂಡುತ್ತದಲ್ಲ, ಅದು ಕೈದಿಯ ಸಮಾಧಾನ. ಕೀಲು ಕಿರುಗುಟ್ಟಿದ್ದು ಕೇಳಿ ಏತದಿಂದ ಇಳಿದು ಎಣ್ಣೆ ತರಲು ಹೋದ ರೈತನಿಗೆ ಅದರ ಪರಿಚಯವೇ ಇರಲಿಲ್ಲ.

ಅಟ್ಟದ ಮೇಲಿನ ಆ ಬಾಟಲಿಯನ್ನು ಕೆಳಗಿಳಿಸಿ. ಟವೆಲ್ಲುಗಳನ್ನು ಬೇರೆಡೆ ಹರವಬಹುದು.