ಮೋಟಾರ್ ಬೋಟ್ ಹತ್ತುವ ಮುನ್ನ: ‘ಕೆರೆ ತಾನೆ, ಏನಾಗುತ್ತೆ?’ ಎಂಬ ಮಾತು ಎಷ್ಟು ನಿಜ?

ಕಲಬುರಗಿಯಂಥ ಬಿಸಿಲೂರಿನಲ್ಲಿ ನೀರು ಕಂಡರೆ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಖುಷಿ. ನಗರದೊಳಗೆ ಅಪ್ಪನ ಕೆರೆ ಎಂದೇ ಹೆಸರಾದ ಶರಣಬಸವೇಶ್ವರ ಕೆರೆ ಇದೆ. ಕಮಲಾಪುರ ತಾಲ್ಲೂಕಿನ ಬೆಳಕೋಟಾ ಬಳಿ ಗಂಡೋರಿ ನಾಲಾ ಜಲಾಶಯ, ಚಿಂಚೋಳಿ ಕಾಡಿನಲ್ಲಿ ಚಂದ್ರಂಪಳ್ಳಿ ಜಲಾಶಯ ಇವೆ. ರಜೆ ಸಿಕ್ಕರೆ ಇಲ್ಲಿಯವರು ಕಾರವಾರ, ಮುರುಡೇಶ್ವರ, ಗೋವಾ ಕಡೆಗೂ ಹೋಗುತ್ತಾರೆ. ಎಲ್ಲಿ ಹೋದರೂ ಬೋಟ್ ಸವಾರಿ ಪ್ರವಾಸದ ಒಂದು ಭಾಗವೇ ಆಗಿಬಿಟ್ಟಿದೆ.

ಸಮುದ್ರ ಎಂದರೆ ಹೆದರುವ ನಾವು ಕೆರೆ, ಜಲಾಶಯ ಎಂದರೆ ನಿಶ್ಚಿಂತೆಯಿಂದ ಹತ್ತುತ್ತೇವೆ. ಆದರೆ ನಮ್ಮ ದೇಶದ ದೊಡ್ಡ ವಿಹಾರ ದೋಣಿ ದುರಂತಗಳಲ್ಲಿ ಹಲವು ನಡೆದಿರುವುದು ಅಲೆಯಿಲ್ಲದ ನೀರಿನಲ್ಲೇ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣಗಳು ಬೆರಳೆಣಿಕೆಯಷ್ಟು: ಹೆಚ್ಚು ಜನ, ಒಂದೇ ಬದಿಗೆ ವಾಲುವುದು, ಜಾಕೆಟ್ ಇಲ್ಲದಿರುವುದು, ಹೊತ್ತು ಮುಳುಗಿದ ಮೇಲಿನ ಸವಾರಿ. ಇವನ್ನೆಲ್ಲ ಟಿಕೆಟ್ ಕೊಳ್ಳುವ ಮೊದಲೇ, ಎರಡು ನಿಮಿಷದಲ್ಲಿ, ದಡದಲ್ಲಿ ನಿಂತೇ ನೀವು ನೋಡಿಕೊಳ್ಳಬಹುದು.

ಕಾನೂನು ಏನು ಹೇಳುತ್ತದೆ?

ನದಿ, ಕೆರೆ, ಕಾಲುವೆಗಳಲ್ಲಿ ಓಡುವ ದೋಣಿಗಳಿಗೆ ಇಡೀ ದೇಶಕ್ಕೆ ಅನ್ವಯಿಸುವುದು 2021ರ ಒಳನಾಡು ಹಡಗುಗಳ ಕಾಯ್ದೆ. ಬ್ರಿಟಿಷರ ಕಾಲದ 1917ರ ಕಾಯ್ದೆಯ ಜಾಗಕ್ಕೆ ಇದು ಬಂತು. ಯಂತ್ರದಿಂದ ಓಡುವ ದೋಣಿಗಳ ವಿಷಯದಲ್ಲಿ ಈ ಕಾಯ್ದೆ ಮುಖ್ಯವಾಗಿ ನಾಲ್ಕು ಸಂಗತಿ ಕೇಳುತ್ತದೆ.

1. ನೋಂದಣಿ: ವಾಹನಕ್ಕೆ ನಂಬರ್ ಇದ್ದಂತೆ ದೋಣಿಗೂ ನೋಂದಣಿ ಸಂಖ್ಯೆ ಇರಬೇಕು.
2. ತಪಾಸಣೆ ಪ್ರಮಾಣಪತ್ರ: ದೋಣಿಯ ಮೈಕಟ್ಟು, ಎಂಜಿನ್, ಸುರಕ್ಷತಾ ಸಾಧನಗಳನ್ನು ಅಧಿಕಾರಿ ಪರೀಕ್ಷಿಸಿ ಕೊಡುವ ಪತ್ರ. ಬಸ್ಸು, ಲಾರಿಗಳ ‘ಫಿಟ್‌ನೆಸ್ ಸರ್ಟಿಫಿಕೇಟ್’ ಇದ್ದ ಹಾಗೆ.
3. ಚಾಲಕನ ಅರ್ಹತೆ: ದೋಣಿ ನಡೆಸುವವರ ಬಳಿ ಅರ್ಹತಾ ಪತ್ರ ಇರಬೇಕು.
4. ವಿಮೆ: ಅಪಘಾತವಾದರೆ ಪರಿಹಾರ ಕೊಡಲು ವಿಮೆ ಇರಬೇಕು.

ಇದರ ಜೊತೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2017ರಲ್ಲಿ ದೋಣಿ ಸುರಕ್ಷತೆಗೆಂದೇ ಮಾರ್ಗಸೂಚಿ ಹೊರಡಿಸಿದೆ. ಜಿಲ್ಲಾ ಮಟ್ಟದಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. ಹಾಗಾಗಿ ಬೋಟ್ ಸುರಕ್ಷತೆಯ ಬಗ್ಗೆ ಲಿಖಿತ ದೂರು ಕೊಡಬೇಕಾದರೆ ಜಿಲ್ಲಾಧಿಕಾರಿ ಕಚೇರಿಗೆ ಕೊಡಬಹುದು.

ಇನ್ನು ಜನರ ಬಾಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: ‘ಕೆರೆಯಲ್ಲಿ ಅಲೆ ಇಲ್ಲ, ಅಪಾಯವೂ ಇಲ್ಲ’

ಸುಳ್ಳು. 2024ರ ಜನವರಿ 18ರಂದು ಗುಜರಾತಿನ ವಡೋದರಾ ನಗರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು ಮತ್ತು 2 ಶಿಕ್ಷಕಿಯರು ತೀರಿಕೊಂಡರು. ಅದು ಊರೊಳಗಿನ ಕೆರೆ, ಅಪ್ಪನ ಕೆರೆಯ ಹಾಗೆಯೇ. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು, ಹಲವು ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿರಲಿಲ್ಲ.

ಮುಳುಗಲು ಅಲೆ ಬೇಕಿಲ್ಲ, ಆಳವೂ ಹೆಚ್ಚು ಬೇಕಿಲ್ಲ. ಮೂಗು, ಬಾಯಿ ನೀರಿನ ಕೆಳಗೆ ಹೋದರೆ ಸಾಕು. ಕೆರೆಯ ತಳದ ಹೂಳಿನಲ್ಲಿ ಕಾಲು ಹೂತುಕೊಳ್ಳಬಹುದು, ಜಲಕಳೆ ಕಾಲಿಗೆ ಸುತ್ತಿಕೊಳ್ಳಬಹುದು. ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆ, ಬಂಡೆ ಮೇಲ್ಮೈಗೆ ಹತ್ತಿರವಾಗುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ, ಬೋಟಿನ ತಳಕ್ಕೆ ಮಾತ್ರ ತಾಗುತ್ತವೆ.

ನಮ್ಮ ಭಾಗದ ಇನ್ನೊಂದು ಅಪಾಯ ಗಾಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ದಿಢೀರನೆ ಮೋಡ ಕಟ್ಟಿ, ಧೂಳೆದ್ದು, ಗುಡುಗು ಸಿಡಿಲಿನೊಂದಿಗೆ ಗಾಳಿ ಬೀಸುವುದು ಎಲ್ಲರಿಗೂ ಗೊತ್ತು. ಬಯಲಿನಂತೆ ಹರಡಿದ ಜಲಾಶಯದಲ್ಲಿ ಆ ಗಾಳಿಗೆ ತಡೆಯೇ ಇಲ್ಲ. ಗುಡುಗು ಕೇಳಿಸಿತೆಂದರೆ ಬೋಟ್ ದಡಕ್ಕೆ ಬರಬೇಕು, ಹೊಸಬರನ್ನು ಹತ್ತಿಸಬಾರದು. ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಆ್ಯಪ್ ಇದೆ, ಹೊರಡುವ ಮೊದಲು ನೋಡಿಕೊಳ್ಳಿ.

ಮಾತು 2: ‘ಬೋಟ್ ದೊಡ್ಡದು, ಇನ್ನು ನಾಲ್ಕು ಜನ ಹತ್ತಿದರೆ ಏನೂ ಆಗಲ್ಲ’

ಸುಳ್ಳು. ಬೋಟ್ ಮುಳುಗುವುದಕ್ಕಿಂತ ಮೊದಲು ಮಗುಚುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ಜೋಳದ ಕಣಿಕಿ ಹೇರಿದ ಬಂಡಿಯನ್ನು ನೆನೆಸಿಕೊಳ್ಳಿ. ಕಣಿಕಿ ಎತ್ತರವಾದಷ್ಟೂ ಸಣ್ಣ ತಗ್ಗು ಬಂದರೂ ಬಂಡಿ ವಾಲುತ್ತದೆ, ಏಕೆಂದರೆ ಭಾರದ ಕೇಂದ್ರ ಮೇಲಕ್ಕೆ ಹೋಗಿದೆ. ಬೋಟಿನಲ್ಲಿ ಜನ ಎದ್ದು ನಿಂತರೆ, ಮೇಲಿನ ಅಂತಸ್ತಿಗೆ ಹತ್ತಿದರೆ ಇದೇ ಆಗುತ್ತದೆ. ಜೊತೆಗೆ ಭಾರ ಹೆಚ್ಚಾದಷ್ಟೂ ಬೋಟಿನ ಅಂಚು ನೀರಿಗೆ ಹತ್ತಿರವಾಗುತ್ತದೆ. ಆಗ ಸ್ವಲ್ಪ ವಾಲಿದರೂ ನೀರು ಒಳಗೆ ಬರುತ್ತದೆ.

ಒಳಗೆ ಬಂದ ನೀರು ಸುಮ್ಮನಿರುವುದಿಲ್ಲ. ಪರಾತದಲ್ಲಿ ನೀರು ತುಂಬಿ ಎತ್ತಿಕೊಂಡು ಹೋಗಿ ನೋಡಿ. ಒಂದು ಬದಿ ತುಸು ಇಳಿದರೆ ನೀರೆಲ್ಲ ಅದೇ ಬದಿಗೆ ಓಡಿ ಇನ್ನಷ್ಟು ಎಳೆಯುತ್ತದೆ. ಬೋಟಿನೊಳಗಿನ ನೀರೂ ಹೀಗೆಯೇ ವಾಲಿದ ಬದಿಗೆ ಓಡುತ್ತದೆ. ನಂತರ ಮಗುಚಲು ಕೆಲವೇ ಸೆಕೆಂಡು.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡು ಅಂತಸ್ತಿನ ‘ಜಲಕನ್ಯಕಾ’ ಬೋಟ್ ಮಗುಚಿ 45 ಮಂದಿ ಸತ್ತರು. ಕಾಡುಪ್ರಾಣಿ ಕಂಡಾಗ ಪ್ರಯಾಣಿಕರು ಒಂದೇ ಬದಿಗೆ ಸರಿದಿದ್ದರು. ಅದೂ ಅಣೆಕಟ್ಟಿನ ಹಿನ್ನೀರೇ. ನಮ್ಮ ರಾಜ್ಯದಲ್ಲಿ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ಬೋಟ್ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿಯೂ ಮಿತಿಗಿಂತ ಹೆಚ್ಚು ಜನರಿದ್ದರು.

ಪ್ರತಿ ಬೋಟಿನ ಮೇಲೆ ಎಷ್ಟು ಜನ ಎಂಬ ಸಂಖ್ಯೆ ಎದ್ದು ಕಾಣುವಂತೆ ಬರೆದಿರಬೇಕು. ಕಂಕುಳ ಕೂಸನ್ನೂ ಸೇರಿಸಿ ತಲೆ ಎಣಿಸಿ. ಸಂಖ್ಯೆ ಬರೆದಿಲ್ಲವೆಂದರೆ ಹತ್ತಬೇಡಿ. ಸೆಲ್ಫಿಗೆ, ಹಕ್ಕಿ ತೋರಿಸಲಿಕ್ಕೆ ಎಲ್ಲರೂ ಒಂದೇ ಬದಿಗೆ ಏಳಬೇಡಿ.

ಮಾತು 3: ‘ನನಗೆ ಈಜು ಬರುತ್ತೆ, ಜಾಕೆಟ್ ಬೇಡ’

ಸುಳ್ಳು. ಬಾವಿಯಲ್ಲಿ ಈಜುವುದೇ ಬೇರೆ, ಬೋಟ್ ಮಗುಚಿದಾಗ ಮೈಮೇಲೆ ಬಟ್ಟೆ, ಕಾಲಲ್ಲಿ ಬೂಟು ಇಟ್ಟುಕೊಂಡು, ಗಾಬರಿಯಲ್ಲಿ ಹಿಡಿದೆಳೆಯುವ ಜನರ ನಡುವೆ ಈಜುವುದೇ ಬೇರೆ. ಬೋಟಿನ ಅಂಚು ತಲೆಗೆ ಬಡಿದು ಎಚ್ಚರ ತಪ್ಪಿದರೆ ಈಜು ಬಂದೂ ಪ್ರಯೋಜನವಿಲ್ಲ.

ಮನುಷ್ಯನ ದೇಹ ನೀರಿನಲ್ಲಿ ಬಹುಪಾಲು ತಾನೇ ತೇಲುತ್ತದೆ. ಕಷ್ಟ ಇರುವುದು ತಲೆಯನ್ನು ನೀರಿನ ಮೇಲೆ ಹಿಡಿಯುವುದರಲ್ಲಿ. ದೊಡ್ಡವರ ತಲೆಯ ತೂಕ ಸುಮಾರು 5 ಕಿಲೋ. ಜಾಕೆಟ್ ಕೆಲಸ ಆ ಭಾರವನ್ನು ಎತ್ತಿ ಹಿಡಿಯುವುದು. ಜಾಕೆಟ್ ಮೇಲೆ ‘ನ್ಯೂಟನ್’ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. 10 ನ್ಯೂಟನ್ ಎಂದರೆ ಸುಮಾರು 1 ಕಿಲೋ ಎತ್ತುವ ಶಕ್ತಿ. 50 ನ್ಯೂಟನ್ ಜಾಕೆಟ್ ಈಜು ಬಲ್ಲವರಿಗೆ ಬರೀ ಆಸರೆ. ಈಜು ಬಾರದವರಿಗೆ 100 ನ್ಯೂಟನ್ ಅಥವಾ ಅದಕ್ಕೂ ಹೆಚ್ಚಿನದು ಬೇಕು.

ಹಾಕಿಕೊಂಡರೆ ಸಾಲದು, ಬಿಗಿಯಾಗಿ ಕಟ್ಟಬೇಕು. ಪರೀಕ್ಷೆ ಸುಲಭ: ಎರಡೂ ಕೈ ಮೇಲೆತ್ತಿ ನಿಲ್ಲಿ, ಪಕ್ಕದವರಿಗೆ ಜಾಕೆಟ್‌ನ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಅದು ಗದ್ದ, ಕಿವಿಯವರೆಗೆ ಸರಿದರೆ ಸಡಿಲವಾಗಿದೆ ಎಂದರ್ಥ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು, ಕಾಲುಗಳ ನಡುವೆ ಹಾಯುವ ಪಟ್ಟಿಯೂ ಇರಬೇಕು. ದೊಡ್ಡವರ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗಿನಿಂದ ಜಾರಿಹೋಗುತ್ತದೆ. ಹರಿದ, ನೀರು ಹೀರಿ ಭಾರವಾದ, ಬಕಲ್ ಮುರಿದ ಜಾಕೆಟ್ ಕೊಟ್ಟರೆ ಬದಲಿಸಿ ಕೊಡಿ ಎಂದು ಕೇಳಿ.

ಸೀಟಿನ ಕೆಳಗೆ ಕಟ್ಟಿಟ್ಟ ಜಾಕೆಟ್ ಇದ್ದೂ ಇಲ್ಲದಂತೆಯೇ. ಮಗುಚಿದ ಮೇಲೆ ಹಾಕಿಕೊಳ್ಳಲು ಸಮಯ ಸಿಗುವುದಿಲ್ಲ.

ಮಾತು 4: ‘ಸಂಜೆ ತಂಪಿನಲ್ಲಿ ಹೋದರೇ ಮಜಾ, ಒಳಗೆ ಕೂತರೆ ಸುರಕ್ಷಿತ’

ಎರಡೂ ತಪ್ಪು. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ಬೋಟ್ ಮಗುಚಿ 22 ಮಂದಿ ಸತ್ತರು. ಅವರಲ್ಲಿ ಹಲವರು ಮಕ್ಕಳು. ಮೀನುಗಾರಿಕೆ ದೋಣಿಯನ್ನು ಬದಲಾಯಿಸಿ ಮಾಡಿದ ಬೋಟ್ ಅದು. ಮಿತಿ ಮೀರಿ ಜನ ತುಂಬಿ, ಹೊತ್ತು ಮುಳುಗಿದ ಮೇಲೆ ಹೊರಟಿತ್ತು. ಕತ್ತಲಲ್ಲಿ ಬಿದ್ದವರು ಕಾಣುವುದಿಲ್ಲ, ಹುಡುಕುವ ಕೆಲಸ ನಿಧಾನವಾಗುತ್ತದೆ.

ಗಾಜು ಮುಚ್ಚಿದ ಕ್ಯಾಬಿನ್ ತಲೆಕೆಳಗಾದರೆ ಬಾಗಿಲು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಮೈಮೇಲಿನ ಜಾಕೆಟ್ಟೇ ನಿಮ್ಮನ್ನು ಒಳಗಡೆ ಮೇಲಕ್ಕೆ ಒತ್ತಿ ಹಿಡಿಯಬಹುದು. ಆದ್ದರಿಂದ ತೆರೆದ ಬೋಟ್ ಆರಿಸಿ, ಇಲ್ಲವೇ ಹೊರದಾರಿಗೆ ಹತ್ತಿರ ಕುಳಿತುಕೊಳ್ಳಿ.

ಬೋಟ್ ನಡೆಸುವವರು ಪಾಲಿಸಬೇಕಾದ್ದು

ರಸ್ತೆಯಲ್ಲಿ ನಾವು ಎಡಕ್ಕೆ ಹೋಗುತ್ತೇವೆ, ನೀರಿನಲ್ಲಿ ನಿಯಮ ಬಲಕ್ಕೆ. ಎದುರುಬದುರು ಬಂದ ಎರಡು ಮೋಟಾರ್ ಬೋಟ್‌ಗಳೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಅಡ್ಡ ಬರುವ ಬೋಟ್ ನಿಮ್ಮ ಬಲಗಡೆ ಇದ್ದರೆ ಅದಕ್ಕೆ ದಾರಿ ಬಿಡಬೇಕು. ಮುಂದಿನ ಬೋಟನ್ನು ದಾಟುವವರು ದೂರ ಬಳಸಿ ಹೋಗಬೇಕು. ಹುಟ್ಟು ಹಾಕುವ ದೋಣಿ, ತೆಪ್ಪ, ಈಜುವವರು, ಮೀನಿನ ಬಲೆ ಕಂಡರೆ ವೇಗ ಇಳಿಸಿ ದೂರ ಸರಿಯಬೇಕು. 2024ರ ಡಿಸೆಂಬರ್ 18ರಂದು ಮುಂಬೈ ಬಳಿ ಎಲಿಫೆಂಟಾಕ್ಕೆ ಹೊರಟಿದ್ದ ‘ನೀಲಕಮಲ್’ ಬೋಟಿಗೆ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್ ಬೋಟ್ ಡಿಕ್ಕಿ ಹೊಡೆದು 15 ಮಂದಿ ಸತ್ತರು. ನೀರು ಎಷ್ಟೇ ವಿಶಾಲವಾಗಿದ್ದರೂ ಡಿಕ್ಕಿ ಆಗುತ್ತದೆ.

ಸ್ಪೀಡ್ ಬೋಟ್‌ನ ಎಂಜಿನ್‌ಗೆ ‘ಕಿಲ್ ಸ್ವಿಚ್’ ಎಂಬ ದಾರ ಇರುತ್ತದೆ. ಅದನ್ನು ಚಾಲಕ ಮಣಿಕಟ್ಟಿಗೋ ಜಾಕೆಟ್‌ಗೋ ಸಿಕ್ಕಿಸಿಕೊಂಡಿರಬೇಕು. ಆತ ನೀರಿಗೆ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಚಾಲಕನಿಲ್ಲದ ಬೋಟ್ ಸುತ್ತು ಹಾಕುತ್ತ ಬಿದ್ದವರ ಮೇಲೆಯೇ ಬರಬಹುದು. ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವಾಗ ಎಂಜಿನ್ ಆರಿಸಿರಲೇಬೇಕು, ತಿರುಗುವ ಪ್ರೊಪೆಲ್ಲರ್ ಚಾಕುವಿದ್ದಂತೆ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತಿರುತ್ತದೆ. ಹಾಗಾಗಿ ಜನ ಕೂತಿರುವಾಗ ಇಂಧನ ತುಂಬಬಾರದು, ಯಾರೂ ಬೀಡಿ ಸಿಗರೇಟು ಹಚ್ಚಬಾರದು. ಕುಡಿದು ಬೋಟ್ ನಡೆಸಬಾರದು. ಅಣೆಕಟ್ಟಿನ ಗೇಟುಗಳ ಹತ್ತಿರ ಸುಳಿಯಬಾರದು.

ಬೋಟ್ ಮಗುಚಿದರೆ?

ಮಗುಚಿದ ಬೋಟ್ ಬಹಳ ಸಲ ತೇಲುತ್ತಲೇ ಇರುತ್ತದೆ. ಅದನ್ನೇ ಹಿಡಿದುಕೊಳ್ಳಿ. ದಡ ಹತ್ತಿರ ಕಂಡರೂ ಈಜಿ ಹೋಗುವ ಆತುರ ಬೇಡ, ನೀರಿನಲ್ಲಿ ದೂರ ಕಣ್ಣಿಗೆ ಮೋಸ ಮಾಡುತ್ತದೆ. ದಡದಲ್ಲಿರುವವರು ನೀರಿಗೆ ಹಾರದೆ ಹಗ್ಗ, ಟ್ಯೂಬು, ಖಾಲಿ ಕ್ಯಾನು ಎಸೆಯಬೇಕು. ಮುಳುಗುವವರು ಸಿನಿಮಾದಂತೆ ಕೂಗುತ್ತಾರೆ ಎಂದು ಕಾಯಬೇಡಿ. ಉಸಿರಿಗೇ ಪರದಾಡುವಾಗ ಕೂಗಲು ಆಗುವುದಿಲ್ಲ, ಬಹಳ ಮಂದಿ ಸದ್ದಿಲ್ಲದೆ ಮುಳುಗುತ್ತಾರೆ.

ಮಾತು 5: ‘ಉಪ್ಪಿನಲ್ಲಿ ಹೂತಿಟ್ಟರೆ ಮುಳುಗಿ ಸತ್ತವರು ಬದುಕುತ್ತಾರೆ’

ಪೂರ್ತಿ ಸುಳ್ಳು, ಅಪಾಯಕಾರಿಯೂ ಹೌದು. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇಂಥದೇ ಸಂದೇಶ ನಂಬಿದ ಮನೆಯವರು ನೀರಿನಲ್ಲಿ ಮುಳುಗಿದ್ದ ಬಾಲಕನ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟು ಕಾದಿದ್ದರು. ಮಗು ಬದುಕಲಿಲ್ಲ. ಉಪ್ಪು ಚರ್ಮದ ಮೂಲಕ ಶ್ವಾಸಕೋಶದ ನೀರನ್ನು ಎಳೆಯುವುದಿಲ್ಲ. ಮುಳುಗಿದವರು ಸಾಯುವುದು ಆಮ್ಲಜನಕ ಇಲ್ಲದೆ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿ ಶುರುವಾಗುತ್ತದೆ. ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಕೂಡ ಬೇಡ. ಅದರಿಂದ ವಾಂತಿಯಾಗಿ ಶ್ವಾಸನಾಳಕ್ಕೆ ಹೋಗಬಹುದು, ಅಮೂಲ್ಯ ನಿಮಿಷಗಳೂ ಹಾಳು.

ಮಾಡಬೇಕಾದ್ದು ಇಷ್ಟು: ಒಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಅಂಗಾತ ಮಲಗಿಸಿ ಉಸಿರು ನೋಡಲಿ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಮೊದಲು ಉಸಿರು ಕೊಡಬೇಕು. ನಂತರ ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಉಸಿರಾಟದ ತೊಂದರೆ ಕೆಲ ಗಂಟೆಗಳ ನಂತರ ಹೆಚ್ಚಾಗಬಹುದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಬೋಟ್ ಹತ್ತುವ ಮೊದಲು ಎರಡು ನಿಮಿಷ:

- ಬೋಟಿನ ಮೇಲೆ ನೋಂದಣಿ ಸಂಖ್ಯೆ, ಜನರ ಮಿತಿ ಬರೆದಿದೆಯೇ? ತಲೆ ಎಣಿಸಿ.
- ಎಲ್ಲರಿಗೂ ಅಳತೆಗೆ ತಕ್ಕ ಜಾಕೆಟ್ ಇದೆಯೇ? ಮಕ್ಕಳದ್ದನ್ನು ನೀವೇ ಕಟ್ಟಿ, ಎಳೆದು ನೋಡಿ.
- ಬೋಟಿನ ತಳದಲ್ಲಿ ನೀರು ನಿಂತಿದೆಯೇ? ನಿಂತಿದ್ದರೆ ಬೇಡ.
- ಚಾಲಕ ಕುಡಿದಿದ್ದಾನೆಯೇ? ಅವನೂ ಜಾಕೆಟ್ ಹಾಕಿದ್ದಾನೆಯೇ?
- ದಡದಲ್ಲಿ ರಕ್ಷಣೆಗೆ ಇನ್ನೊಂದು ಬೋಟ್, ಹಗ್ಗ, ಟ್ಯೂಬ್ ಇದೆಯೇ?
- ಮೋಡ, ಗುಡುಗು, ಕತ್ತಲು ಇದ್ದರೆ ಇನ್ನೊಂದು ದಿನ ಬನ್ನಿ.
- ಹತ್ತಿದ ಮೇಲೆ ಕೂತೇ ಇರಿ.

ಒಂದಕ್ಕೆ ಉತ್ತರ ಸರಿಯಿಲ್ಲದಿದ್ದರೂ ಟಿಕೆಟ್ ಹಣ ಹೋದರೆ ಹೋಗಲಿ, ಇಳಿದುಬಿಡಿ. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕಳಿಸುವ ಪಾಲಕರು ಬೋಟಿಂಗ್ ಇದೆಯೇ, ಪ್ರತಿ ಮಗುವಿಗೂ ಜಾಕೆಟ್ ಇರುತ್ತದೆಯೇ ಎಂದು ಶಿಕ್ಷಕರನ್ನು ಮೊದಲೇ ಕೇಳಿ.