ಲುಕ್ಲಾ ವಿಮಾನ ದುರಂತ (2008)
ನೇಪಾಳದ ಯೇತಿ ಏರ್‌ಲೈನ್ಸ್‌ನ ಟ್ವಿನ್ ಆಟರ್ ವಿಮಾನವೊಂದು 2008ರ ಅಕ್ಟೋಬರ್ 8ರ ಬೆಳಿಗ್ಗೆ ಲುಕ್ಲಾದಲ್ಲಿ ಇಳಿಯುವಾಗ ಅಪ್ಪಳಿಸಿ ಹೊತ್ತಿ ಉರಿದ ಘಟನೆ. ಕಠ್ಮಂಡುವಿನಿಂದ ಬಂದ ಈ ವಿಮಾನದಲ್ಲಿದ್ದ 19 ಮಂದಿಯಲ್ಲಿ ಬದುಕುಳಿದವರು ಮುಖ್ಯ ಪೈಲಟ್ ಒಬ್ಬರೇ. ಮೃತರಲ್ಲಿ 12 ಜರ್ಮನರು, ಇಬ್ಬರು ಆಸ್ಟ್ರೇಲಿಯನ್ನರು, ಉಳಿದವರು ನೇಪಾಳಿಗಳು.

ದುರಂತ ಅರ್ಥವಾಗಬೇಕಾದರೆ ಮೊದಲು ಆ ನೆಲವನ್ನು ತಿಳಿಯಬೇಕು. ಎವರೆಸ್ಟ್ ಚಾರಣಿಗರ ಹೆಬ್ಬಾಗಿಲಾದ ಲುಕ್ಲಾ ಸಮುದ್ರಮಟ್ಟದಿಂದ ಸುಮಾರು 2,845 ಮೀಟರ್ ಎತ್ತರದಲ್ಲಿದೆ. ಪರ್ವತಾರೋಹಿ ಎಡ್ಮಂಡ್ ಹಿಲರಿ 1964ರಲ್ಲಿ ಮುಂದೆ ನಿಂತು ಕಟ್ಟಿಸಿದ ಇಲ್ಲಿನ ರನ್‌ವೇಯ ಉದ್ದ ಕೇವಲ 527 ಮೀಟರ್, ಇಳಿಜಾರು ಸುಮಾರು ಶೇ 12. ಒಂದು ತುದಿಯಲ್ಲಿ ಬೆಟ್ಟದ ಗೋಡೆ, ಇನ್ನೊಂದರಲ್ಲಿ ಆಳವಾದ ಕಣಿವೆ. ತೀರಾ ಹತ್ತಿರ ಬಂದ ಮೇಲೆ ಮತ್ತೆ ಮೇಲೇರಿ ಸುತ್ತುವ ಅವಕಾಶವಿಲ್ಲ. ಉಪಕರಣಗಳ ಮಾರ್ಗದರ್ಶನವೂ ಇಲ್ಲದ್ದರಿಂದ ರನ್‌ವೇ ಪೈಲಟ್‌ನ ಕಣ್ಣಿಗೆ ಕಾಣಲೇಬೇಕು.

ಅಂದು ಕೊನೆಯ ಹಂತದಲ್ಲಿ ಮಂಜು ಕವಿಯಿತು. ವಿಮಾನ ಇರಬೇಕಾದ ಎತ್ತರಕ್ಕಿಂತ ಕೆಳಗೆ ಬಂದು, ರನ್‌ವೇಯ ಅಂಚಿನ ಕೆಳಗಿನ ಇಳಿಜಾರಿಗೆ ಬಡಿಯಿತು. ರನ್‌ವೇ ಮುಟ್ಟಲು ಕೆಲವೇ ಮೀಟರ್‌ಗಳು ಬಾಕಿಯಿದ್ದವೆಂಬುದು ಈ ಸಾವುಗಳನ್ನು ಇನ್ನಷ್ಟು ದಾರುಣವಾಗಿಸುತ್ತದೆ. ಲುಕ್ಲಾದ ವಿಮಾನಗಳು ಸಾಮಾನ್ಯವಾಗಿ ಬೆಳಿಗ್ಗೆಯೇ ಹಾರುತ್ತವೆ. ಹೊತ್ತು ಏರಿದಂತೆ ಗಾಳಿ, ಮೋಡ ಹೆಚ್ಚುವುದೇ ಇದಕ್ಕೆ ಕಾರಣ. ಎಚ್ಚರಿಕೆಯಿಂದ ಆರಿಸಿಕೊಂಡ ಆ ಬೆಳಗಿನ ಹೊತ್ತಿನಲ್ಲೇ ಈ ಅವಘಡ ಸಂಭವಿಸಿತು.