ವಲಸೆ, ಮದುವೆ, ಹದಿಹರೆಯದ ಹೆರಿಗೆ: ಹೊಸಕೋಟೆ ಸೀಮೆಯ ಹಿನ್ನೆಲೆ

ಕರ್ನಾಟಕದಲ್ಲಿ ಹದಿಹರೆಯದ ಹೆರಿಗೆಯ ಚರಿತ್ರೆ ಬಹುಮಟ್ಟಿಗೆ ಮದುವೆಯ ವಯಸ್ಸಿನ ಚರಿತ್ರೆಯೇ. ಮದುವೆಯಾಗದೆ ಹೆರುವುದು ಇಲ್ಲಿ ವಿರಳ. ಹಾಗಾಗಿ ವಲಸೆ ಹುಡುಗಿಯ ತಾಯ್ತನವನ್ನು ಮುಟ್ಟುವುದೂ ಮದುವೆಯ ದಾರಿಯಿಂದಲೇ.

ಬೆಂಗಳೂರಿನ ಪೂರ್ವಕ್ಕಿರುವ ಹೊಸಕೋಟೆ ಸೇರಿದ್ದ ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹ ತಡೆಯುವ ಕಾನೂನು ತಂದಿತು. 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ಅದು ನಿಷೇಧಿಸಿತು. ಈ ಮಿತಿ ಇಂದು ತೀರ ಕೆಳಗಿನದೆನಿಸಿದರೂ, ಬ್ರಿಟಿಷ್ ಭಾರತದಲ್ಲಿ ಮದುವೆಗೆ ಕನಿಷ್ಠ ವಯಸ್ಸು ನಿಗದಿಯಾಗಲು ಇನ್ನೂ 35 ವರ್ಷ ಹಿಡಿಯಿತು. 1929ರ ಶಾರದಾ ಕಾಯ್ದೆ ಹುಡುಗಿಗೆ 14 ಎಂದಿತು. 1949ರಲ್ಲಿ ಅದು 15, 1978ರಲ್ಲಿ 18 ಆಯಿತು. ಬಾಲ್ಯವಿವಾಹ ತಡೆ ಕುರಿತ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟ ಮೇಲೆ, 2006ರ ಕೇಂದ್ರ ಕಾಯ್ದೆಗೆ ರಾಜ್ಯ ತಿದ್ದುಪಡಿ ತಂದು ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ಸಾರಿತು.

ಮದುವೆಯ ವಯಸ್ಸು ಏರಿದ್ದು ಕಾನೂನೊಂದರಿಂದಲೇ ಅಲ್ಲ. 1980ರ ಸುಮಾರಿಗೆ ಬೆಂಗಳೂರಿನ ಪಶ್ಚಿಮದ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದ ಜನಸಂಖ್ಯಾ ತಜ್ಞರಾದ ಕಾಲ್ಡ್‌ವೆಲ್ ದಂಪತಿ ಮತ್ತು ಪಿ.ಎಚ್. ರೆಡ್ಡಿ, ವಧುವಿನ ಮನೆಗೆ ಕೊಡುವ ತೆರ ಹೋಗಿ ವರದಕ್ಷಿಣೆ ಬಂದದ್ದನ್ನೂ ಓದಿದ ವರನ ಹುಡುಕಾಟವನ್ನೂ ಇದಕ್ಕೆ ಕಾರಣವಾಗಿ ಗುರುತಿಸಿದರು.

ಹೊಸಕೋಟೆಯ ಚಿತ್ರ ಬೇಗ ಬದಲಾಯಿತು. 1998ರಲ್ಲಿ ವೋಲ್ವೊ ಕಾರ್ಖಾನೆ ಬಂತು. ಪಿಳ್ಳಗುಂಪೆಯ ಕೈಗಾರಿಕೆಗಳು, ಹೆದ್ದಾರಿ ಬದಿಯ ಗೋದಾಮುಗಳು, ಇಟ್ಟಿಗೆ ಗೂಡುಗಳು ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಕೂಲಿಗಳನ್ನು ಸೆಳೆದವು. ಇಟ್ಟಿಗೆ ಗೂಡಿನಲ್ಲಿ ಮುಂಗಡ ಪಡೆದು ಸಂಸಾರವೇ ದುಡಿಯುವುದುಂಟು. ತಾಯಿತಂದೆ ನಸುಕಿಗೇ ಕೆಲಸಕ್ಕಿಳಿದರೆ ಹದಿಮೂರು, ಹದಿನಾಲ್ಕರ ಮಗಳು ತಮ್ಮತಂಗಿಯರನ್ನು ನೋಡಿಕೊಂಡು ಶೆಡ್ಡಿನಲ್ಲಿ ಉಳಿಯುತ್ತಾಳೆ. ನಡುವರ್ಷದಲ್ಲಿ ಬಿಟ್ಟ ಶಾಲೆ ಮತ್ತೆ ಸಿಗುವುದು ಕಷ್ಟ. ಬಾಗಿಲಿಗೆ ಅಗುಳಿಯೂ ಇಲ್ಲದ ಕಡೆ ಬೆಳೆದ ಮಗಳನ್ನು ಬಿಟ್ಟುಹೋಗುವ ಭಯ ಸಣ್ಣದಲ್ಲ. ಊರಿನ ಜಾತ್ರೆಗೆ ಹೋದಾಗ ಮದುವೆ ಮುಗಿಸುವ ಆತುರ ಹುಟ್ಟುವುದು ಈ ಭಯದಲ್ಲಿ. ಅದನ್ನು ಬರೀ ಮೌಢ್ಯವೆಂದು ತಳ್ಳಿಹಾಕುವುದು ಅನ್ಯಾಯ. ಇದಕ್ಕೆ ವ್ಯತಿರಿಕ್ತವಾಗಿ, ಗಾರ್ಮೆಂಟ್ಸ್ ಕೆಲಸಕ್ಕೆಂದು ತಾನೇ ಬಂದು ಸಂಬಳ ಎಣಿಸುವ ಹುಡುಗಿಗೆ ಮದುವೆ ಮುಂದೂಡಲು ಒಂದಿಷ್ಟು ಬಲ ಸಿಗುತ್ತದೆ. ಅಂದರೆ ವಲಸೆ ಎಂಬ ಒಂದೇ ಹೆಸರಿನಡಿ ಎರಡು ವಿರುದ್ಧ ಪರಿಣಾಮಗಳಿವೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದ 15ರಿಂದ 19 ವಯಸ್ಸಿನವರಲ್ಲಿ ತಾಯಿಯಾದ ಅಥವಾ ಗರ್ಭಿಣಿಯಾಗಿದ್ದವರು 2015-16ರಲ್ಲಿ ಶೇ. 7.8; 2019-21ರಲ್ಲಿ ಶೇ. 5.4. ಆದರೆ 20ರಿಂದ 24ರ ಹೆಂಗಸರಲ್ಲಿ 18ಕ್ಕೆ ಮುಂಚೆ ಮದುವೆಯಾದವರ ಪಾಲು ಶೇ. 21.4ರಿಂದ 21.3ಕ್ಕಷ್ಟೇ ಇಳಿಯಿತು. ಎರಡನೆಯ ಅಂಕಿ ಕೆಲ ವರ್ಷ ಹಿಂದಿನ ಮದುವೆಗಳನ್ನು ಹೇಳುವುದರಿಂದ ಇವೆರಡನ್ನು ನೇರ ಹೋಲಿಸಲಾಗದು.

ತಾಲ್ಲೂಕು ಮಟ್ಟದಲ್ಲಿ ತೊಡಕು ಇನ್ನೂ ಹೆಚ್ಚು. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. 1969ರ ನೋಂದಣಿ ಕಾಯ್ದೆಯಂತೆ ಜನನ ದಾಖಲಾಗುವುದು ಹುಟ್ಟಿದ ಸ್ಥಳದಲ್ಲಿ. ಹೊಸಕೋಟೆಯ ಶೆಡ್ಡಿನಲ್ಲಿ ಬಸಿರಾದ ಹದಿನೇಳರ ಹುಡುಗಿ ಯಾದಗಿರಿಯ ತವರಿನಲ್ಲಿ ಹೆತ್ತರೆ ಆ ಮಗು ಅಲ್ಲಿನ ಲೆಕ್ಕಕ್ಕೆ ಸೇರುತ್ತದೆ. ಬಾಣಂತನ ಮುಗಿಸಿ ಕೂಸನ್ನೆತ್ತಿಕೊಂಡು ಅವಳು ಮರಳುವಾಗ ಹೊಸಕೋಟೆಯ ಜನನ ದಾಖಲೆಯಲ್ಲಿ ಅವಳ ಹೆಸರೇ ಇರುವುದಿಲ್ಲ.